ಬಿಟ್ಟಾಯ್ತಲ್ಲ, ಇನ್ನೇನು ಅಂತಾರೆ

ಕುಡಿತ ಬಿಟ್ಟು 13 ತಿಂಗಳಾಯಿತು. ಮೊನ್ನೆ ಮಡಿಕೇರಿಗೆ ಹೋದಾಗ ಡಾಕ್ಟ್ರು ಕೊನೆಯ ಮಾತ್ರೆಯನ್ನೂ ನಿಲ್ಲಿಸಿದರು. ‘ಇನ್ನು ಮೂರು ತಿಂಗಳಿಗೊಮ್ಮೆ ಬಂದು ಮುಖ ತೋರಿಸಿ ಹೋಗಿ, ಸಾಕು’ ಅಂದರು. ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕೂತು ಎರಡು ಬನ್ಸ್ ತಿಂದೆ. ಹೊರಗೆ ಮಳೆ ಸುರಿಯುತ್ತಿತ್ತು. ಇದನ್ನೆಲ್ಲ ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಅಲ್ಲಿ ಕೂತಾಗ ಅನ್ನಿಸಿತು. ಕುಡಿತ ಬಿಡು ಅಂತ ಹೇಳುವವರು ಊರೆಲ್ಲ ಇದ್ದಾರೆ. ಬಿಟ್ಟ ಮೇಲೆ ಏನೇನಾಗುತ್ತೆ ಅಂತ ಹೇಳುವವರು ಒಬ್ಬರೂ ಸಿಕ್ಕಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಶನಿವಾರಸಂತೆ ಕಡೆಯವನು. ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ 18 ವರ್ಷದಿಂದ ರೈಟರ್ ಕೆಲಸ. ಬೆಳಿಗ್ಗೆ ಹಾಜರಿ, ಸಂಜೆ ತೂಕ, ವಾರಕ್ಕೊಮ್ಮೆ ಬಟವಾಡೆ. ಕುಡಿಯೋದು ಶುರುವಾದದ್ದು ಎಲ್ಲರ ಹಾಗೆಯೇ, ಮಳೆಗಾಲದ ಚಳಿಗೆ ಅಂತ. ನಮ್ಮ ಜಿಲ್ಲೆಯಲ್ಲಿ ಕುಡಿಯೋಕೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮದುವೆಗೆ ಉಂಟು, ಹಬ್ಬಕ್ಕೆ ಉಂಟು, ಹಿರಿಯರಿಗೆ ಎಡೆ ಇಡುವಾಗಲೂ ಉಂಟು. ಸೈನ್ಯದಲ್ಲಿದ್ದು ಬಂದವರು ಎಷ್ಟೊಂದು ಮಂದಿ, ಕ್ಯಾಂಟೀನ್ ರಮ್ಮು ಯಾರದಾದರೂ ಬೀರುವಿನಲ್ಲಿ ಇದ್ದೇ ಇರುತ್ತೆ. ಅವರೆಲ್ಲ ಎರಡು ಪೆಗ್ ಹಾಕಿ, ಊಟ ಮಾಡಿ, ಮಲಗಿಬಿಡುತ್ತಾರೆ. ನನಗೆ ಆ ಎರಡಕ್ಕೆ ನಿಲ್ಲಿಸೋದು ಬರಲಿಲ್ಲ. ಕೊನೆಯ ನಾಲ್ಕು ವರ್ಷ ದಿನಕ್ಕೆ ಎರಡು ಕ್ವಾರ್ಟರ್, ಬಟವಾಡೆ ದಿನ ಮೂರು. ಬೆಳಿಗ್ಗೆ ಹಾಜರಿ ಹಾಕುವ ಮೊದಲು ಒಂದು ನೈಂಟಿ ಹೋಗದಿದ್ದರೆ ಪೆನ್ನು ಹಿಡಿಯೋಕೂ ಆಗುತ್ತಿರಲಿಲ್ಲ.

ಮೊದಲ ಸಲ ಬಿಟ್ಟದ್ದು 2023ರ ದೀಪಾವಳಿಗೆ. ಅಮ್ಮನ ಮುಂದೆ ಆಣೆ ಹಾಕಿ, ಯಾರನ್ನೂ ಕೇಳದೆ, ಒಂದೇ ಸಲಕ್ಕೆ ನಿಲ್ಲಿಸಿದೆ. ಮಾರನೇ ದಿನ ಸಂಜೆ ಹೊತ್ತಿಗೆ ಕೈ ಮೈ ನಡುಗೋಕೆ ಶುರುವಾಯಿತು. ಬೆವರು ಅಂದರೆ ಬೆವರು. ರಾತ್ರಿ ಅಡುಗೆಮನೆ ಬಾಗಿಲಲ್ಲಿ ಬಿದ್ದೆನಂತೆ, ಫಿಟ್ಸ್ ಬಂದಿತ್ತು. ನನಗೆ ಒಂದೂ ನೆನಪಿಲ್ಲ. ತೋಟದ ಜೀಪಿನಲ್ಲಿ ಎತ್ತಿ ಹಾಕಿಕೊಂಡು ಹೋದರು. ಜೀವ ಉಳಿಯಿತು. ಹೆದರಿಕೆಗೆ ನಾಲ್ಕು ವಾರ ಬಿಟ್ಟಿದ್ದೆ, ಐದನೇ ವಾರ ಮತ್ತೆ ಶುರು.

ಇಲ್ಲೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ದಿನಾ ಜಾಸ್ತಿ ಕುಡಿಯುವವರು ಮನೆಯಲ್ಲೇ ಇದ್ದಕ್ಕಿದ್ದ ಹಾಗೆ ನಿಲ್ಲಿಸಬೇಡಿ. ಕೊನೆಯ ಸಲ ಕುಡಿದ 6ರಿಂದ 48 ಗಂಟೆಯ ಒಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ಒಳಗೆ ಕೆಲವರಿಗೆ ಇಲ್ಲದ್ದೆಲ್ಲ ಕಾಣಿಸುತ್ತೆ, ಮೈ ಸುಡುತ್ತೆ, ಎಲ್ಲಿದ್ದೇನೆ ಅಂತ ಗೊತ್ತಾಗಲ್ಲ. ಅದರಲ್ಲಿ ಪ್ರಾಣ ಹೋದವರೂ ಇದ್ದಾರೆ. ‘ಮನಸ್ಸು ಗಟ್ಟಿ ಮಾಡಿದ್ರೆ ಆಯ್ತು’ ಅನ್ನುವವರ ಮಾತು ಈ ನಾಲ್ಕು ದಿನಕ್ಕೆ ಕೇಳಬೇಡಿ. ಡಾಕ್ಟ್ರ ಕೈಗೆ ಹೋಗಿ.

ಎರಡನೇ ಸಲ ಹಾಗೆಯೇ ಮಾಡಿದೆ. 2024ರ ಜೂನ್ ಎರಡನೇ ವಾರ, ಮಳೆ ಹಿಡಿದುಕೊಂಡಿತ್ತು. ಮಡಿಕೇರಿಗೆ ಬಸ್ಸಿನಲ್ಲಿ ಹೋದೆವು. ಹೆಂಡತಿಗೆ ಆಧಾರ್ ತೋರಿಸಿದರೆ ಟಿಕೆಟ್ ಫ್ರೀ, ನನಗೆ ಮಾತ್ರ ದುಡ್ಡು. ‘ಕುಡಿಯೋರಿಗೆ ಫ್ರೀ ಇಲ್ಲ’ ಅಂತ ನಕ್ಕಳು. ಆ ದಿನ ಅವಳು ನಕ್ಕದ್ದು ಅದೊಂದೇ ಸಲ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಕಾದು, ಡಾಕ್ಟ್ರ ಮುಂದೆ ಕೂರುವಾಗ ಮಧ್ಯಾಹ್ನ ದಾಟಿತ್ತು. ನನ್ನ ಆಧಾರ್‌ನಲ್ಲಿ ಊರಿನ ವಿಳಾಸ, ರೇಷನ್ ಕಾರ್ಡ್ ಅಮ್ಮನ ಹೆಸರಲ್ಲಿ, ಅದೂ ಅಮ್ಮನ ಹತ್ತಿರ. ಹಿಂದಿನ ವರ್ಷದ ಫಿಟ್ಸಿನ ಡಿಸ್ಚಾರ್ಜ್ ಚೀಟಿ ಬೇಕು ಅಂದಾಗ ನಾನು ತಲೆ ಕೆರೆದುಕೊಂಡೆ. ಹೆಂಡತಿ ಬ್ಯಾಗಿನಿಂದ ತೆಗೆದುಕೊಟ್ಟಳು. ಸೀರೆ ಮಡಿಕೆಯ ಮಧ್ಯೆ ಇಟ್ಟು ಕಾಪಾಡಿದ್ದಳಂತೆ. ನೀವು ಹೋಗುವುದಾದರೆ ಆಧಾರ್, ರೇಷನ್ ಕಾರ್ಡ್, ಎರಡರದ್ದೂ ಎರಡೆರಡು ಜೆರಾಕ್ಸ್, ಹಳೆಯ ಚೀಟಿಗಳೆಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಹೋಗಿ. ಜೊತೆಗೆ ಇರೋಕೆ ಮನೆಯವರು ಒಬ್ಬರು ಬೇಕೇ ಬೇಕು. ಎಷ್ಟು ಕುಡಿಯುತ್ತೀರಿ ಅಂತ ಕೇಳಿದರೆ ನಿಜ ಹೇಳಿ. ನಾನು ಮೊದಲು ಒಂದು ಕ್ವಾರ್ಟರ್ ಅಂದೆ. ಹೆಂಡತಿ ಹಿಂದಿನಿಂದ ‘ಎರಡು’ ಅಂದಳು. ಮಾತ್ರೆಯ ಲೆಕ್ಕ ಆ ಎರಡರ ಮೇಲೆಯೇ ಹೋಗುತ್ತೆ, ಅದಕ್ಕೆ.

9 ದಿನ ಇದ್ದೆ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ಲೋರ್‌ಡಯಾಜೆಪಾಕ್ಸೈಡ್ ಅನ್ನುವ ಮಾತ್ರೆ ಶುರುವಿಗೆ ಜಾಸ್ತಿ, ಆಮೇಲೆ ದಿನ ದಿನ ಕಡಿಮೆ. ಜೊತೆಗೆ ಥಯಮಿನ್ ಇಂಜೆಕ್ಷನ್, ಅಂದರೆ ಬಿ1 ವಿಟಮಿನ್. ಕುಡಿಯುವವರ ಮೈಯಲ್ಲಿ ಅದು ಖಾಲಿಯಾಗಿರುತ್ತೆ, ಪೂರ್ತಿ ಖಾಲಿಯಾದರೆ ನೆನಪಿನ ಶಕ್ತಿಯೇ ಕೆಡುತ್ತೆ ಅಂತ ಸಿಸ್ಟರ್ ಹೇಳಿದರು. ರಕ್ತ ಪರೀಕ್ಷೆಯಲ್ಲಿ ಲಿವರ್ ನಂಬರುಗಳು ಏರಿದ್ದವು. ಸ್ಕ್ಯಾನಿಂಗಿನಲ್ಲಿ ಲಿವರ್ ಮೇಲೆ ಕೊಬ್ಬು. ಹೊರಗಿನ ಔಷಧಿ, ಹೆಂಡತಿಯ ಊಟ, ಓಡಾಟ ಎಲ್ಲ ಸೇರಿ ನಾಲ್ಕು ಸಾವಿರ ಚಿಲ್ಲರೆ ಆಯಿತು. ನಾನು ತಿಂಗಳಿಗೆ ಕುಡಿಯುತ್ತಿದ್ದದ್ದು ಅದಕ್ಕಿಂತ ಜಾಸ್ತಿ.

ಮನೆಗೆ ಬಂದೆ. ಮೂರು ವಾರ ರಾಜನ ಹಾಗಿದ್ದೆ. ಹಸಿವು ಬಂತು, ಕೈ ನಡುಕ ಹೋಯಿತು, ಹಾಜರಿ ಪುಸ್ತಕದಲ್ಲಿ ಅಕ್ಷರ ದುಂಡಗಾಯಿತು. ಸಾಹುಕಾರ್ರು ಪುಸ್ತಕ ನೋಡಿ, ‘ಏನಯ್ಯ, ಹೊಸ ರೈಟ್ರು ಬಂದಿದಾರಾ?’ ಅಂದರು. ಎಲ್ಲರೂ ಒಂದೇ ಮಾತು: ‘ಬಿಟ್ಟಾಯ್ತಲ್ಲ, ಇನ್ನೇನು?’ ನಾನೂ ಹಾಗೇ ಅಂದುಕೊಂಡೆ.

ನಾಲ್ಕನೇ ವಾರ ನಿದ್ದೆ ಹೋಯಿತು.

ಹೋಯಿತು ಅಂದರೆ ಪೂರ್ತಿ ಹೋಯಿತು. ಹತ್ತಕ್ಕೆ ಮಲಗಿದರೆ ಹನ್ನೆರಡರವರೆಗೆ ಹೊರಳಾಟ. ಸ್ವಲ್ಪ ಕಣ್ಣು ಹತ್ತಿತು ಅನ್ನುವಾಗ ಎರಡೂವರೆಗೆ ಎಚ್ಚರ. ಆಮೇಲೆ ಶೀಟಿನ ಮೇಲೆ ಬೀಳುವ ಮಳೆ ಎಣಿಸುತ್ತಾ ಬೆಳಗಾಗುವವರೆಗೆ ಕೂರೋದು. ಜುಲೈ ತಿಂಗಳ ಕೊಡಗಿನ ಮಳೆ ಗೊತ್ತಲ್ಲ, ಕರೆಂಟಿಲ್ಲ, ಫೋನಿಗೆ ನೆಟ್‌ವರ್ಕ್ ಇಲ್ಲ. ಕತ್ತಲಲ್ಲಿ ನಾನು, ಮಳೆ, ಎಲ್ಲೋ ದೂರದಲ್ಲಿ ಆನೆ ಓಡಿಸುವ ಪಟಾಕಿ. ನಿದ್ದೆ ಬಂದ ದಿನವೂ ನೆಮ್ಮದಿ ಇಲ್ಲ. ಕನಸಿನಲ್ಲಿ ಕುಡಿಯುತ್ತಿದ್ದೆ. ಎದ್ದಾಗ ಬಾಯಲ್ಲಿ ಅದೇ ರುಚಿ, ‘ಅಯ್ಯೋ ಕುಡಿದುಬಿಟ್ಟೆ’ ಅನ್ನುವ ಗಾಬರಿ. ಹೆಂಡತಿಯನ್ನು ಎಬ್ಬಿಸಿ ‘ನಾನು ಕುಡಿದೆನಾ?’ ಅಂತ ಕೇಳಿದ್ದೂ ಉಂಟು.

ಹಗಲಿನ ಕತೆ ಬೇರೆ. ಸುಮ್ನೆ ಸಿಟ್ಟು. ಉಪ್ಪು ಜಾಸ್ತಿಯಾಯಿತು ಅಂತ ಬುತ್ತಿ ಡಬ್ಬ ಅಂಗಳಕ್ಕೆ ಎಸೆದೆ. ಕುಡಿಯುವಾಗ ಒಂದು ದಿನವೂ ಹಾಗೆ ಮಾಡಿರಲಿಲ್ಲ. ಮಗಳು ಏಳನೇ ಕ್ಲಾಸು. ಮೊದಲು ಜಗಲಿಯಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದಳು. ನನ್ನ ಬೈಕ್ ಶಬ್ದ ಕೇಳಿದ ಕೂಡಲೇ ಪುಸ್ತಕ ಎತ್ತಿಕೊಂಡು ಅಡುಗೆಮನೆಗೆ ಹೋಗೋಕೆ ಶುರುಮಾಡಿದಳು. ಅವಳು ಬಿಟ್ಟುಹೋದ ರಬ್ಬರ್ ಜಗಲಿ ಮೇಲೆ ಬಿದ್ದಿರುತ್ತಿತ್ತು. ಒಂದು ರಾತ್ರಿ ಹೆಂಡತಿ ಹೇಳಿದಳು, ‘ರೀ, ಬೇಜಾರು ಮಾಡ್ಕೋಬೇಡಿ. ಕುಡೀವಾಗ ನೀವು ಇಷ್ಟು ಕೆಟ್ಟವರಾಗಿರಲಿಲ್ಲ.’ ಆ ಮಾತು ಚುಚ್ಚಿತು. ನಿಜವೂ ಆಗಿತ್ತು.

ಇಷ್ಟು ಕಷ್ಟಪಟ್ಟು ಬಿಟ್ಟು ಸಿಕ್ಕಿದ್ದು ಇದೇನಾ ಅನ್ನಿಸುತ್ತಿತ್ತು. ಇಲ್ಲೇ ತುಂಬಾ ಜನ ಮತ್ತೆ ಬಾಟ್ಲಿ ಹಿಡಿಯೋದು ಅಂತ ಆಮೇಲೆ ಗೊತ್ತಾಯಿತು. ನಾನೂ ಹಿಂದಿನ ಸಲ ಐದನೇ ವಾರವೇ ಜಾರಿದ್ದು, ನೆನಪಿದೆಯಲ್ಲ.

ನಿದ್ದೆಗೆ ಅಂತ ಹತ್ತಿರದ ಪೇಟೆಯ ಒಬ್ಬ ಡಾಕ್ಟ್ರ ಹತ್ತಿರ ಹೋದೆ. ಕುಡಿತದ ವಿಷಯ ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ನಿದ್ದೆ ಮಾತ್ರೆ ಬರೆದರು. ಹತ್ತು ದಿನ ಚೆನ್ನಾಗಿ ಮಲಗಿದೆ. ಹನ್ನೊಂದನೇ ದಿನ ಒಂದು ಸಾಲದೆ ಎರಡು ನುಂಗಿದೆ. ಮಡಿಕೇರಿಗೆ ತಿರುಗಿ ಹೋದಾಗ ಆ ಸ್ಟ್ರಿಪ್ ನೋಡಿ ಡಾಕ್ಟ್ರು ಕನ್ನಡಕ ತೆಗೆದಿಟ್ಟರು. ಈ ಜಾತಿಯ ಮಾತ್ರೆ ಮೆದುಳಿನಲ್ಲಿ ಹೆಂಡ ಕೂರುವ ಜಾಗದ ಹತ್ತಿರವೇ ಹೋಗಿ ಕೂರುತ್ತೆ. ಆಸ್ಪತ್ರೆಯಲ್ಲಿ ಒಂದು ವಾರ ಲೆಕ್ಕ ಹಾಕಿ ಕೊಡುವುದು ಬೇರೆ, ಮನೆಯಲ್ಲಿ ನಾವೇ ನುಂಗುತ್ತಾ ಹೋಗುವುದು ಬೇರೆ, ಒಂದು ಬಿಟ್ಟು ಇನ್ನೊಂದು ಹಿಡಿದ ಹಾಗಾಗುತ್ತೆ ಅಂದರು. ಅದನ್ನೂ ನಿಧಾನಕ್ಕೆ ಇಳಿಸಿ ಬಿಡಿಸಿದರು. ಯಾವ ಡಾಕ್ಟ್ರ ಹತ್ತಿರ ಹೋದರೂ ಮೊದಲು ‘ನಾನು ಕುಡಿತ ಬಿಟ್ಟವನು’ ಅಂತ ಹೇಳಿ. ನಾಚಿಕೆ ಆಗುತ್ತೆ, ಆದರೂ ಹೇಳಿ.

ಅವತ್ತೇ ಅವರು ಇದಕ್ಕೊಂದು ಹೆಸರು ಹೇಳಿದ್ದು. ಪೋಸ್ಟ್ ಅಕ್ಯೂಟ್ ವಿತ್‌ಡ್ರಾವಲ್ ಸಿಂಡ್ರೋಮ್. ಚಿಕ್ಕದಾಗಿ ‘ಪಾಸ್’ ಅಂತಾರಂತೆ. ಹೆಸರು ಪಾಸು, ನಾನು ಮಾತ್ರ ದಿನಾ ಫೇಲು. ಮೊದಲ ವಾರದ ನಡುಕ, ಬೆವರು ಹೋದ ಮೇಲೂ ನಿದ್ದೆಗೇಡು, ಸಿಟ್ಟು, ಮಂಕು, ಮರೆವು, ಮತ್ತೆ ಕುಡಿಯುವ ಆಸೆ ಇವೆಲ್ಲ ತಿಂಗಳುಗಟ್ಟಲೆ ಉಳಿಯುತ್ತವೆ. ಕೆಲವರಿಗೆ ವರ್ಷ ದಾಟುತ್ತೆ. ರೋಗಗಳ ದೊಡ್ಡ ಪಟ್ಟಿಯಲ್ಲಿ ಇದನ್ನು ಬೇರೆ ಕಾಯಿಲೆ ಅಂತ ಸೇರಿಸಿಲ್ಲ, ರಕ್ತ ಪರೀಕ್ಷೆಯಲ್ಲೂ ಸಿಗಲ್ಲ. ಅದಕ್ಕೇ ಬಹಳ ಜನಕ್ಕೆ ಗೊತ್ತಿಲ್ಲ. ಥೈರಾಯ್ಡ್, ಬಿ12, ಖಿನ್ನತೆ ಇದ್ದರೂ ಹೀಗೇ ಕಾಣುತ್ತೆ ಅಂತ ಅವನ್ನೂ ಪರೀಕ್ಷೆ ಮಾಡಿಸಿದರು. ಬಿ12 ಕಡಿಮೆ ಇತ್ತು, ಇಂಜೆಕ್ಷನ್ ಕೊಟ್ಟರು.

ಯಾಕೆ ಹೀಗಾಗುತ್ತೆ ಅಂತ ಕೇಳಿದೆ. ನಾನು ಜೀಪ್ ಓಡಿಸುತ್ತೇನೆ ಅಂತ ಅವರಿಗೆ ಗೊತ್ತಿತ್ತು. ‘ವರ್ಷಗಟ್ಟಲೆ ಬ್ರೇಕ್ ಒತ್ತಿಕೊಂಡೇ ಗಾಡಿ ಓಡಿಸಿದ್ದೀರಿ. ಹೆಂಡ ಅನ್ನೋದೇ ಆ ಬ್ರೇಕು. ಗಾಡಿ ಮುಂದೆ ಹೋಗಬೇಕಲ್ಲ, ಅದಕ್ಕೆ ಮೆದುಳು ಆಕ್ಸಿಲರೇಟರ್ ಜಾಸ್ತಿ ತುಳಿಯೋದು ಕಲಿತಿದೆ. ಈಗ ಬ್ರೇಕ್ ಬಿಟ್ಟಿದ್ದೀರಿ, ಕಾಲು ಇನ್ನೂ ಆಕ್ಸಿಲರೇಟರ್ ಮೇಲೇ ಇದೆ’ ಅಂದರು. ಗಾಬಾ, ಗ್ಲುಟಮೇಟ್ ಅಂತ ಎರಡು ಹೆಸರು ಬರೆದು ತೋರಿಸಿದರು. ಒಂದು ಬ್ರೇಕು, ಒಂದು ಆಕ್ಸಿಲರೇಟರು. ನನಗೆ ಹುಚ್ಚು ಹಿಡಿಯುತ್ತಿಲ್ಲ ಅಂತ ಗೊತ್ತಾಗಿ ಅಲ್ಲೇ ಕಣ್ಣಲ್ಲಿ ನೀರು ಬಂತು. ಅವಮಾನ ಆಗಿ ಕೆಮ್ಮಿದ ಹಾಗೆ ಮಾಡಿದೆ.

ಅಕಾಂಪ್ರೊಸೇಟ್ ಅನ್ನುವ ಮಾತ್ರೆ ಶುರುಮಾಡಿದರು. 333 ಮಿಲಿಗ್ರಾಮಿನದು, ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು, ರಾತ್ರಿ ಎರಡು. ಕಿಡ್ನಿ ಸರಿ ಇದೆಯಾ ಅಂತ ಮೊದಲು ರಕ್ತ ನೋಡಿದರು. ನನ್ನ ಲಿವರ್ ಕತೆ ಗೊತ್ತಿದ್ದರಿಂದ ನಾಲ್ಟ್ರೆಕ್ಸೋನ್ ಅನ್ನುವ ಇನ್ನೊಂದು ಮಾತ್ರೆ ಸದ್ಯ ಬೇಡ ಅಂದರು. ಅಕಾಂಪ್ರೊಸೇಟ್ ಕುಡಿಯುವ ಆಸೆಯನ್ನು ತಗ್ಗಿಸುವ ಮಾತ್ರೆ, ಅಮಲು ಬರಿಸುವುದಿಲ್ಲ, ನಿದ್ದೆಯನ್ನೂ ತರುವುದಿಲ್ಲ. ಮೊದಲ ಹದಿನೈದು ದಿನ ಹೊಟ್ಟೆ ಕೆಟ್ಟು ತೋಟದಲ್ಲಿ ಓಡಾಡೋದೇ ಕಷ್ಟವಾಯಿತು, ಆಮೇಲೆ ಸರಿಹೋಯಿತು. ಕಷ್ಟ ಇದ್ದದ್ದು ಮಾತ್ರೆ ಸಿಗುವುದರಲ್ಲಿ. ನಮ್ಮ ಪೇಟೆಯಲ್ಲಿ ಇಲ್ಲ. ಇನ್ನೊಂದು ಕಡೆ ಹೇಳಿಟ್ಟರೆ ನಾಲ್ಕು ದಿನ ಬಿಟ್ಟು ಬರುತ್ತೆ. ಒಮ್ಮೆ ಮೈಸೂರಿಗೆ ಹೋಗುವ ಸಾಹುಕಾರ್ರ ಮಗನ ಕೈಯಲ್ಲಿ ಚೀಟಿ ಕೊಟ್ಟು ತರಿಸಿದೆ. ತಿಂಗಳಿಗೆ ಸಾವಿರದ ಐನೂರರ ಆಚೀಚೆ ಬೀಳುತ್ತಿತ್ತು. ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಮುಂದಿನದಕ್ಕೆ ಹೇಳಿಡಿ.

ಆಪ್ತಸಮಾಲೋಚನೆ ಮಾಡುವ ಮೇಡಂ ಒಂದು ಕೆಲಸ ಹಚ್ಚಿದರು. ದಿನಾ ನಿದ್ದೆ ಹೇಗಿತ್ತು, ಸಿಟ್ಟು ಬಂತಾ, ಆಸೆ ಬಂತಾ ಬರೆಯಿರಿ ಅಂತ. ಬರೆಯೋದು ನನಗೆ ಹೇಳಿಕೊಡಬೇಕಾ? ಒಂದು ಹಳೆಯ ಹಾಜರಿ ಪುಸ್ತಕ ತೆಗೆದೆ. ಆಳುಗಳ ಹೆಸರಿನ ಜಾಗದಲ್ಲಿ ನಿದ್ದೆ, ಊಟ, ಸಮಾಧಾನ, ನೆನಪು ಅಂತ ಬರೆದೆ. ಎದುರಿಗೆ ಫುಲ್ಲು, ಹಾಫು, ಆಬ್ಸೆಂಟು. ಬರೆಯೋಕೆ ಶುರುಮಾಡಿದ ಮೊದಲ ತಿಂಗಳಲ್ಲಿ ನಿದ್ದೆ ಮೂರು ದಿನ ಫುಲ್ಲು, ಹನ್ನೊಂದು ದಿನ ಹಾಫು, ಹದಿನೇಳು ದಿನ ಆಬ್ಸೆಂಟು. ಇಂಥ ಆಳನ್ನು ಯಾವ ತೋಟದಲ್ಲೂ ಇಟ್ಟುಕೊಳ್ಳಲ್ಲ.

ಆದರೆ ಆ ಪುಸ್ತಕದಿಂದಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಕೆಟ್ಟ ದಿನಗಳು ಗುಂಪಾಗಿ ಬರುತ್ತಿದ್ದವು. ಐದಾರು ದಿನ ನರಕ, ಆಮೇಲೆ ನಾಲ್ಕು ದಿನ ಪರವಾಗಿಲ್ಲ, ಮತ್ತೆ ಒಂದು ವಾರ ನರಕ. ಕೆಟ್ಟ ವಾರದ ಒಳಗೆ ಕೂತಾಗ ‘ಇದು ಮುಗಿಯೋದೇ ಇಲ್ಲ’ ಅನ್ನಿಸುತ್ತೆ. ಆಗ ಹಿಂದಿನ ಹಾಳೆ ತಿರುವಿ ನೋಡಿದರೆ, ಹೋದ ಸಲವೂ ಹೀಗೇ ಅನ್ನಿಸಿ ಆರನೇ ದಿನಕ್ಕೆ ಹೋಗಿತ್ತು ಅಂತ ಕಾಣುತ್ತೆ. ಬೇರೆ ಏನು ಮಾಡದಿದ್ದರೂ ಇದೊಂದು ಮಾಡಿ.

ಕಾಫಿ ವಿಷಯ ಹೇಳಲೇಬೇಕು. ಮಧ್ಯಾಹ್ನ ಎರಡರ ಮೇಲೆ ಕಾಫಿ ಬೇಡ ಅಂದರು. ಕಾಫಿ ತೋಟದ ರೈಟರಿಗೆ! ಬಿಟ್ಟ ಮೇಲೆ ನಾನು ದಿನಕ್ಕೆ ಎಂಟು ಲೋಟ ಬೆಲ್ಲದ ಕಾಫಿ ಕುಡಿಯುತ್ತಿದ್ದೆ, ಗಮನವೇ ಇರಲಿಲ್ಲ. ಅದನ್ನು ಮೂರಕ್ಕೆ ಇಳಿಸಿದ್ದು ಹೆಂಡ ಬಿಟ್ಟಷ್ಟೇ ಕಷ್ಟವಾಯಿತು. ಸಿಹಿಯ ಹುಚ್ಚು ಬೇರೆ ಹತ್ತಿತ್ತು. ಬೆಲ್ಲದ ಅಚ್ಚು ಕಡಿದು ತಿನ್ನುತ್ತಿದ್ದೆ. ಅದು ತುಂಬಾ ಜನಕ್ಕೆ ಆಗುತ್ತಂತೆ. ಆರು ಕಿಲೋ ಏರಿದೆ.

ಆಗಸ್ಟಿನಲ್ಲಿ ಒಂದು ತಮಾಷೆ. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ ಸಾಹುಕಾರ್ರ ಮನೆಯಿಂದ ಮದ್ದುಸೊಪ್ಪಿನ ಪಾಯಸ ಬಂತು. ನೇರಳೆ ಬಣ್ಣ, ಘಮ ಘಮ. ಎರಡು ಬಟ್ಟಲು ಹೊಡೆದೆ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಮೂತ್ರ ಕೆಂಪು. ಲಿವರ್ ಹೋಯಿತು, ಕಿಡ್ನಿ ಹೋಯಿತು ಅಂತ ಗೋಡೆ ಹಿಡಿದು ನಿಂತೆ. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. 18 ವರ್ಷದಿಂದ ಪ್ರತಿ ವರ್ಷ ತಿಂದಿದ್ದೇನೆ, ಪ್ರತಿ ವರ್ಷ ಕೆಂಪಾಗಿರುತ್ತೆ. ಕುಡಿದಿದ್ದ ನನಗೆ ಅದು ಒಂದು ಸಲವೂ ಕಂಡಿರಲಿಲ್ಲ ಅಷ್ಟೇ.

ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಹಬ್ಬ. ಕೋವಿ ಪೂಜೆ, ಆಮೇಲೆ ಊಟ. ಸಾಹುಕಾರ್ರು ನನ್ನ ಮುಂದೆ ಗ್ಲಾಸ್ ಇಡಲಿಲ್ಲ. ‘ನಿನಗೆ ಕಡುಂಬುಟ್ಟು, ಪಂದಿಕರಿ ಮಾತ್ರ. ಬೇಜಾರಾದ್ರೆ ಎದ್ದು ಹೋಗು, ನಾನೇನೂ ಅಂದ್ಕೊಳಲ್ಲ’ ಅಂದರು. ಅಷ್ಟು ಸಾಕಾಯಿತು ನನಗೆ. ತೊಂದರೆ ಕೊಟ್ಟದ್ದು ಪಕ್ಕದ ತೋಟದವರು. ‘ಒಂದು ಪೆಗ್ಗಿಗೆ ಏನಾಗುತ್ತೆ ರೈಟ್ರೇ?’ ಅಂತ ನಾಲ್ಕು ಸಲ ಕೇಳಿದರು. ಲಿವರ್ ಹೋಗಿದೆ, ಡಾಕ್ಟ್ರು ಬೇಡ ಅಂದಿದ್ದಾರೆ ಅಂದೆ. ‘ಬಿಟ್ಟಿದ್ದೇನೆ’ ಅಂದರೆ ಇನ್ನೂ ಒತ್ತಾಯ ಮಾಡುತ್ತಾರೆ, ‘ಲಿವರ್’ ಅಂದರೆ ಬಾಯಿ ಮುಚ್ಚುತ್ತಾರೆ. ಇದು ನನ್ನ ಅನುಭವ.

ಜಾರಿದ್ದು ಎಲ್ಲಿ ಗೊತ್ತಾ? ಹಬ್ಬದಲ್ಲಿ ಅಲ್ಲ. ಅಕ್ಟೋಬರಿನಲ್ಲಿ ಒಬ್ಬರ ಮನೆಗೆ ಪಂಪ್‌ಸೆಟ್ ಕೇಳೋಕೆ ಹೋಗಿದ್ದೆ. ‘ಪ್ಯಾಶನ್ ಫ್ರೂಟಿಂದು, ಮನೇಲೇ ಮಾಡಿದ್ದು, ಕುಡೀರಿ’ ಅಂತ ಒಂದು ಲೋಟ ಕೊಟ್ಟರು. ಜ್ಯೂಸ್ ಅಂದುಕೊಂಡು ಒಂದು ಗುಟುಕು ಕುಡಿದೆ. ವೈನು ಅಂತ ಎರಡನೇ ಗುಟುಕಿಗೆ ಗೊತ್ತಾಯಿತು. ಗೊತ್ತಾದ ಮೇಲೂ ಮೂರನೇ ಗುಟುಕು ಕುಡಿದೆ. ಸುಳ್ಳು ಯಾಕೆ ಹೇಳಲಿ. ಲೋಟ ಕೆಳಗಿಟ್ಟು ಪಂಪ್‌ಸೆಟ್ ಮರೆತು ಬೈಕ್ ಹತ್ತಿದೆ. ದಾರಿಯಲ್ಲಿ ವೈನ್‌ಶಾಪ್ ಬೋರ್ಡ್ ದಾಟುವವರೆಗೆ ಉಸಿರು ಬಿಡಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ, ಮಾರನೇ ದಿನ ಮೇಡಂಗೆ ಫೋನ್ ಮಾಡಿ ಹೇಳಿದೆ. ‘ಮೂರನೇ ಗುಟುಕಿಗೆ ನಿಲ್ಲಿಸಿದ್ದೀರಿ, ಮೊದಲಿನಿಂದ ಎಣಿಸಬೇಡಿ, ಪುಸ್ತಕದಲ್ಲಿ ಬರೆದು ಮುಂದೆ ಹೋಗಿ’ ಅಂದರು. ಕೊಡಗಿನಲ್ಲಿ ಮನೆ ವೈನ್ ಊರೂರಲ್ಲಿ ಇದೆ, ಟೂರಿಸ್ಟ್ ಅಂಗಡಿಗಳಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಕೆಮ್ಮಿನ ಕೆಲವು ಸಿರಪ್ಪು, ಆಯುರ್ವೇದದ ಅರಿಷ್ಟ, ಆಸವಗಳಲ್ಲೂ ಮದ್ಯದ ಅಂಶ ಇರುತ್ತೆ. ಕೇಳಿ ಕುಡಿಯಿರಿ.

ಮೇಡಂ ಹೇಳಿಕೊಟ್ಟ ಇನ್ನೊಂದು: ಆಸೆ ಬಂದ ಕೂಡಲೇ ನಾಲ್ಕು ಬೆರಳು ಎಣಿಸಬೇಕು. ಹಸಿವಾಗಿದೆಯಾ, ಸಿಟ್ಟು ಬಂದಿದೆಯಾ, ಒಂಟಿ ಅನ್ನಿಸುತ್ತಿದೆಯಾ, ದಣಿದಿದ್ದೇನಾ. ಹತ್ತರಲ್ಲಿ ಏಳು ಸಲ ನನಗೆ ಹಸಿವು. ಸಂಜೆ ಐದಕ್ಕೆ ಎರಡು ಬಾಳೆಹಣ್ಣು, ಒಂದು ಮೊಟ್ಟೆ ತಿನ್ನೋಕೆ ಶುರುಮಾಡಿದ ಮೇಲೆ ಸಂಜೆಯ ಆಸೆ ಅರ್ಧ ಕಡಿಮೆಯಾಯಿತು. ಇನ್ನರ್ಧ ಬಂದಾಗ ಅರ್ಧ ಗಂಟೆ ತಳ್ಳಿದರೆ ಹೋಗುತ್ತೆ. ನಾನು ಆ ಅರ್ಧ ಗಂಟೆ ಬೈಕ್ ತೊಳೆಯುತ್ತಿದ್ದೆ. ಇಡೀ ಸುಂಟಿಕೊಪ್ಪದಲ್ಲಿ ನನ್ನ ಬೈಕಿನಷ್ಟು ಹೊಳೆಯುವ ಬೈಕ್ ಇರಲಿಲ್ಲ. ಬಟವಾಡೆಯ ದುಡ್ಡು ತರೋಕೆ ಬ್ಯಾಂಕಿಗೆ ಒಬ್ಬನೇ ಹೋಗುವುದನ್ನೂ ಬಿಟ್ಟೆ, ಡ್ರೈವರ್‌ನ ಕರೆದುಕೊಂಡು ಹೋಗುತ್ತೇನೆ.

ಡಿಸೆಂಬರಿನಿಂದ ಕಾಫಿ ಕುಯ್ಲು. ಇದು ಅತ್ಯಂತ ಕೆಟ್ಟ ಕಾಲ, ನನ್ನ ಲೆಕ್ಕದಲ್ಲಿ. ನಿದ್ದೆ ಸ್ವಲ್ಪ ಸುಧಾರಿಸಿತ್ತು, ಆದರೆ ತಲೆ ಓಡುತ್ತಿರಲಿಲ್ಲ. ಸಂಜೆ ಕಣದಲ್ಲಿ ಮೂಟೆ ಸಾಲು. ತಕ್ಕಡಿ ನೋಡಿ ಪುಸ್ತಕಕ್ಕೆ ಕಣ್ಣು ತರುವಷ್ಟರಲ್ಲಿ ನಂಬರ್ ಮರೆತುಹೋಗುತ್ತಿತ್ತು. ಒಂದು ದಿನ 64 ಕಿಲೋ ಹಣ್ಣನ್ನು 46 ಅಂತ ಬರೆದೆ. ಕುಯ್ದ ಹೆಂಗಸು ಮಾರನೇ ದಿನ ಬಂದು ಮೆಲ್ಲಗೆ, ‘ರೈಟ್ರೇ, ನಂದು ಸ್ವಲ್ಪ ನೋಡ್ತೀರಾ’ ಅಂದಳು. ಅವಳ ಕಣ್ಣಿನಲ್ಲಿ ಇದ್ದದ್ದು ಕೋಪ ಅಲ್ಲ, ಅನುಮಾನ. ಮತ್ತೆ ಶುರುಮಾಡಿದ್ದಾನಾ ಅಂತ. ಕುಡಿದು ಬರೆಯುತ್ತಿದ್ದಾಗ ಸಿಕ್ಕಿಬೀಳದವನು ಈಗ ಸಿಕ್ಕಿಬಿದ್ದೆ. ಅವತ್ತಿನಿಂದ ತೂಕ ಗಟ್ಟಿಯಾಗಿ ಕೂಗಿ ಹೇಳೋದು, ಆಳು ತಿರುಗಿ ಹೇಳಬೇಕು, ಆಮೇಲೆ ಬರೆಯೋದು ಅಂತ ಮಾಡಿದೆ. ಈಗಲೂ ಹಾಗೇ ಮಾಡುತ್ತೇನೆ. ನೆನಪು ಮತ್ತು ಗಮನ ನಿಧಾನಕ್ಕೆ ವಾಪಸ್ ಬರುತ್ತೆ, ಆದರೆ ಆ ನಡುವೆ ದುಡ್ಡಿನ ಲೆಕ್ಕ, ಗಾಡಿ, ಯಂತ್ರದ ಕೆಲಸ ಇದ್ದವರು ಇನ್ನೊಬ್ಬರ ಕಣ್ಣು ಜೊತೆಗಿಟ್ಟುಕೊಳ್ಳಿ.

ಹೊಸ ಭತ್ತದ ಹಬ್ಬ ಪುತ್ತರಿಯ ಹೊತ್ತಿಗೆ ಆರು ತಿಂಗಳು. ಕದಿರು ತೆಗೆದರು, ಗುಂಡು ಹಾರಿಸಿದರು. ನಾನು ಅಂಗಳದ ತುದಿಯಲ್ಲಿ ನಿಂತಿದ್ದೆ. ಏನೂ ಅನ್ನಿಸಲಿಲ್ಲ. ಬೇಜಾರು ಅಂತಲೂ ಅಲ್ಲ, ಸಂತೋಷ ಅಂತಲೂ ಅಲ್ಲ. ಉಪ್ಪಿಲ್ಲದ ಗಂಜಿಯ ಹಾಗೆ. ಜನವರಿಯಲ್ಲಿ ಒಂದು ರಾತ್ರಿ, ಇರೋದಕ್ಕಿಂತ ಇಲ್ಲದಿರೋದೇ ಸುಲಭ ಅಲ್ವಾ ಅನ್ನುವ ಯೋಚನೆ ಬಂತು. ಹೆದರಿ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, ದುಡ್ಡಿಲ್ಲ, ರಾತ್ರಿ ಹಗಲು ಇರುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆ ಇದ್ದ ಹುಡುಗಿ ಮುಕ್ಕಾಲು ಗಂಟೆ ಮಾತಾಡಿಸಿದಳು. ಬೆಳಿಗ್ಗೆಯೇ ಡಾಕ್ಟ್ರನ್ನು ನೋಡಿ ಅಂದಳು, ನೋಡಿದೆ. ಇಂಥ ಯೋಚನೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಕುಡಿತ, ಡ್ರಗ್ಸ್ ವಿಷಯಕ್ಕೆ 14446 ಅಂತ ಇನ್ನೊಂದು ನಂಬರ್ ಇದೆ.

ಅದೇ ಸಮಯಕ್ಕೆ ನೆಂಟರೊಬ್ಬರು ಹೆಂಡತಿಗೆ ಒಂದು ಪುಡಿ ಕೊಟ್ಟಿದ್ದರು, ‘ಮತ್ತೆ ಶುರುಮಾಡಿದ್ರೆ ಸಾರಿಗೆ ಹಾಕು, ಗೊತ್ತಾಗಲ್ಲ’ ಅಂತ. ಅವಳು ಹಾಕದೆ ಡಾಕ್ಟ್ರಿಗೆ ತೋರಿಸಿದಳು. ಅವರು ಕಸದ ಬುಟ್ಟಿಗೆ ಹಾಕಿದರು. ಡೈಸಲ್ಫಿರಾಮ್ ಅನ್ನುವ ಔಷಧಿ ಇದೆ, ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಬಿದ್ದು ಜೀವಕ್ಕೇ ತೊಂದರೆ ಆಗಬಹುದು. ಡಾಕ್ಟ್ರು ಹೇಳಿ, ನಾವು ಒಪ್ಪಿ ತೆಗೆದುಕೊಳ್ಳುವ ಔಷಧಿ ಅದು. ಕದ್ದು ಹಾಕುವುದಲ್ಲ. ಹೆಸರಿಲ್ಲದ ಪುಡಿಯಲ್ಲಿ ಏನಿದೆ ಅಂತ ಯಾರಿಗೆ ಗೊತ್ತು?

ಮಾರ್ಚಿನಲ್ಲಿ ಹೂ ಮಳೆ ಬಿತ್ತು. ಎಂಟೊಂಬತ್ತು ದಿನಕ್ಕೆ ತೋಟ ಬೆಳ್ಳಗಾಯಿತು. ಎಲ್ಲರೂ ವಾಸನೆ ಎಳೆದುಕೊಂಡು ಆಹಾ ಅಂದರು. ನಾನು ಎಕರೆಗೆ ಎಷ್ಟು ಸೆಟ್ಟಾಗುತ್ತೆ ಅಂತ ಬರೆದುಕೊಂಡೆ, ಅಷ್ಟೇ.

ಏಪ್ರಿಲ್ ಕೊನೆಗೆ ಒಂದು ಬೆಳಿಗ್ಗೆ. ಸಾಹುಕಾರ್ರು ತುಂಬಾ ದುಡ್ಡು ಹಾಕಿ ಸೋಲಾರ್ ಬೇಲಿ ಹಾಕಿಸಿದ್ದರು, ಹಲಸಿನ ಹಣ್ಣಿಗೆ ಆನೆ ಬರುತ್ತೆ ಅಂತ. ರಾತ್ರಿ ಆನೆ ಬಂದು ಒಂದು ಒಣ ಮರ ಎತ್ತಿ ಬೇಲಿ ಮೇಲೆ ಹಾಕಿ, ದಾಟಿ ಹೋಗಿ, ಹಲಸು ಪೂರ್ತಿ ತಿಂದು, ಹೋಗುವಾಗ ‘ಎಚ್ಚರಿಕೆ’ ಬೋರ್ಡಿನ ಎದುರಿಗೇ ಲದ್ದಿ ಹಾಕಿ ಹೋಗಿತ್ತು. ಸಾಹುಕಾರ್ರು ಸೊಂಟಕ್ಕೆ ಕೈ ಇಟ್ಟುಕೊಂಡು ಆ ಬೋರ್ಡ್ ಓದುತ್ತಾ ನಿಂತಿದ್ದರು. ನನಗೆ ನಗು ಬಂತು. ತಡೆಯೋಕೆ ಆಗಲಿಲ್ಲ. ಹಾಜರಿ ಪುಸ್ತಕ ಬಿದ್ದುಹೋಗುವ ಹಾಗೆ ನಕ್ಕೆ. ಮನೆಗೆ ಬಂದು ಹೇಳುವಾಗಲೂ ನಗು. ಹೆಂಡತಿ ಒಲೆ ಮುಂದಿನಿಂದ ಎದ್ದು ಬಂದು, ಏನೂ ಮಾತಾಡದೆ, ನನ್ನ ಬಾಯಿ ಮೂಸಿದಳು. ಇಲ್ಲ ಅಂತ ಗೊತ್ತಾದ ಮೇಲೆ ಅವಳೂ ಕೂತು ನಕ್ಕಳು. ಪುಸ್ತಕದಲ್ಲಿ ಅವತ್ತು ಸಮಾಧಾನದ ಎದುರಿಗೆ ಫುಲ್ಲು, ಅದರ ಪಕ್ಕ ‘ಆನೆ’ ಅಂತ ಬರೆದಿದ್ದೇನೆ.

ಆಮೇಲೆ ದಿನಗಳು ಹಗುರಾದವು. ಈ ಜೂನಿನಲ್ಲಿ ನಿದ್ದೆ 21 ದಿನ ಫುಲ್ಲು, ಏಳು ಹಾಫು, ಎರಡು ಆಬ್ಸೆಂಟು. ಲಿವರ್ ನಂಬರುಗಳು ಇಳಿದಿವೆ. ಮಗಳು ಜಗಲಿಗೆ ವಾಪಸ್ ಬಂದಿದ್ದಾಳೆ, ಬೈಕ್ ಶಬ್ದಕ್ಕೆ ಇನ್ನೂ ಒಮ್ಮೆ ತಲೆ ಎತ್ತಿ ನೋಡುತ್ತಾಳೆ. ಕೆಟ್ಟ ವಾರಗಳು ನಿಂತಿಲ್ಲ. ಮೊನ್ನೆ ಆಸ್ಪತ್ರೆಗೆ ಹೋಗುವ ಹಿಂದಿನ ಮೂರು ರಾತ್ರಿಯೂ ಎರಡೂವರೆಗೆ ಎಚ್ಚರವಾಗಿತ್ತು. ಡಾಕ್ಟ್ರಿಗೆ ಹೇಳಿದೆ. ‘ಬರುತ್ತೆ, ಹೋಗುತ್ತೆ, ದೂರ ದೂರ ಆಗುತ್ತೆ’ ಅಂದರು.

ಆಸ್ಪತ್ರೆಗೆ ಹೋಗೋಕೆ ಆಗದವರಿಗೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಎಂಟು ದಿನದ ಮದ್ಯವರ್ಜನ ಶಿಬಿರ ಊರೂರಲ್ಲಿ ನಡೆಯುತ್ತೆ. ಅದು ಮುಗಿದ ಮೇಲೆ ನವಜೀವನ ಸಮಿತಿ ಅಂತ ಬಿಟ್ಟವರದ್ದೇ ಒಂದು ಗುಂಪು ಇರುತ್ತೆ. ಶಿಬಿರಕ್ಕೆ ಹೋದವರು ಆ ಗುಂಪನ್ನು ಬಿಡಬೇಡಿ, ಎಂಟು ದಿನಕ್ಕಿಂತ ಆಮೇಲಿನ ಎಂಟು ತಿಂಗಳು ದೊಡ್ಡದು. ದಿನಾ ಜಾಸ್ತಿ ಕುಡಿಯುವವರು, ಫಿಟ್ಸ್ ಬಂದಿದ್ದವರು ಮಾತ್ರ ಮೊದಲು ಡಾಕ್ಟ್ರನ್ನೇ ನೋಡಿ.

ನಮ್ಮ ತೋಟದ ಡ್ರೈವರ್, ನನ್ನ ಜೊತೆ ಬ್ಯಾಂಕಿಗೆ ಬರುತ್ತಿದ್ದವನು, ಹೋದ ವಾರ ಗಾಡಿ ನಿಲ್ಲಿಸಿ, ‘ರೈಟ್ರೇ, ನಂಗೂ ಒಂದು ಚೀಟಿ ಮಾಡಿಸಿ ಕೊಡ್ತೀರಾ?’ ಅಂದ. ಬರುವ ಸೋಮವಾರ ಕರೆದುಕೊಂಡು ಹೋಗುತ್ತಿದ್ದೇನೆ. ಆಧಾರ್, ರೇಷನ್ ಕಾರ್ಡ್ ಜೆರಾಕ್ಸ್ ಆಗಿದೆ. ಒಂದು ಹಾಜರಿ ಪುಸ್ತಕವನ್ನೂ ಅವನ ಕವರಿಗೆ ಹಾಕಿದ್ದೇನೆ. ನಿನ್ನೆ ನನ್ನ ಹೆಂಡತಿ ಅವನ ಹೆಂಡತಿಯನ್ನು ಕೂರಿಸಿಕೊಂಡು ಒಂದು ಗಂಟೆ ಮಾತಾಡಿದಳು. ನಾನು ಹೋದ ಕೂಡಲೇ ಇಬ್ಬರೂ ಸುಮ್ಮನಾದರು. ಏನು ಹೇಳಿದಳು ಅಂತ ಕೇಳಿದರೆ ಇನ್ನೂ ಹೇಳಿಲ್ಲ.